ಕಂಪನಿ ಪ್ರಾಯೋಜಿಸುವ ಹಣಕಾಸು ಸಾಕ್ಷರತಾ ತರಗತಿ: ಷರತ್ತುಗಳೇನಿರಬೇಕು?

ವಾಚನಾಲಯದ ಕಾರ್ಯದರ್ಶಿ, ಎಣ್ಮಕಜೆ

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಊರಿನ ವಾಚನಾಲಯದಲ್ಲಿ ವರ್ಷವಿಡೀ ಹಣಕಾಸು ಸಾಕ್ಷರತಾ ತರಗತಿಗಳನ್ನು ನಡೆಸಿಕೊಡುವುದಾಗಿ ಒಂದು ಖಾಸಗಿ ವಿಮಾ ಕಂಪನಿ ಪತ್ರ ಬರೆದಿದೆ. ಹೈಸ್ಕೂಲು ಮಕ್ಕಳು, ಕುಟುಂಬಶ್ರೀ ಸ್ವಸಹಾಯ ಘಟಕಗಳ ಮಹಿಳೆಯರು, ವಯೋವೃದ್ಧರು, ಅಂಗವಿಕಲರು ಮತ್ತು ಅವರ ಮನೆಯವರು, ಎಲ್ಲರಿಗೂ ಬೇರೆಬೇರೆ ತರಗತಿ. ಪುಸ್ತಕ, ಚಹಾ, ತಿಂಡಿ ಎಲ್ಲವೂ ಅವರದೇ ಖರ್ಚು. ಇಂಥ ಶಿಕ್ಷಣ ನಮಗೆ ಬೇಕು ಎಂಬುದರಲ್ಲಿ ಸಂಶಯವಿಲ್ಲ. ಒಟಿಪಿ ಹೇಳಿ ಹಣ ಕಳೆದುಕೊಂಡವರು, ಬಡ್ಡಿಯ ಲೆಕ್ಕ ತಿಳಿಯದೆ ಚಿನ್ನದ ಸಾಲವನ್ನು ನವೀಕರಿಸುತ್ತಲೇ ಹೋಗುವವರು ನಮ್ಮ ನೆರೆಕರೆಯಲ್ಲೇ ಇದ್ದಾರೆ. ಆದರೆ ಪತ್ರದ ಜತೆಗೆ ಬಂದ ಹಾಜರಿ ಪಟ್ಟಿಯ ಮಾದರಿಯಲ್ಲಿ ಹೆಸರು, ಸಹಿಯಲ್ಲದೆ ಮೊಬೈಲ್ ಸಂಖ್ಯೆ, ಜನ್ಮದಿನಾಂಕ, ವಾರ್ಷಿಕ ವರಮಾನ, ‘ಈಗ ಇರುವ ಪಾಲಿಸಿ’ ಎಂಬ ಅಂಕಣಗಳೂ ಇವೆ. ಇದನ್ನು ನೋಡಿದ ಮೇಲೆ ಸಮಿತಿಯಲ್ಲಿ ಎರಡು ಅಭಿಪ್ರಾಯಗಳಾಗಿವೆ. ಒಪ್ಪುವುದಾದರೆ ಯಾವ ಷರತ್ತುಗಳ ಮೇಲೆ ಒಪ್ಪಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿ, ಕುಂಬಳೆ

ಕಾರ್ಯದರ್ಶಿಯವರೇ, ಈ ಹಣವನ್ನು ಕಂಪನಿ ಯಾವ ಲೆಕ್ಕದಲ್ಲಿ ಖರ್ಚು ಹಾಕುತ್ತದೆ ಎಂಬುದನ್ನು ಮೊದಲು ಬರವಣಿಗೆಯಲ್ಲಿ ಕೇಳಿರಿ. 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ನಿನಂತೆ ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಕೆಲಸಗಳಿಗೆ ವಿನಿಯೋಗಿಸಬೇಕು. 2021ರಲ್ಲಿ ತಿದ್ದುಪಡಿಯಾದ ನಿಯಮಗಳು, ಕಂಪನಿಯು ತನ್ನ ಸರಕು ಅಥವಾ ಸೇವೆಗೆ ಮಾರುಕಟ್ಟೆಯ ಲಾಭ ದೊರೆಯಲೆಂದು ಪ್ರಾಯೋಜಿಸುವ ಚಟುವಟಿಕೆಯನ್ನು ಈ ಲೆಕ್ಕಕ್ಕೆ ಸೇರಿಸಲು ಬಿಡುವುದಿಲ್ಲ. ಆದ್ದರಿಂದ ಸಿಎಸ್‌ಆರ್ ಹಣವೆಂದು ಅವರು ಉತ್ತರಿಸಿದರೆ ಪಾಲಿಸಿಯ ಮಾತು ತರಗತಿಯೊಳಗೆ ಬರಕೂಡದು ಎಂದು ನೀವು ಧೈರ್ಯವಾಗಿ ಹೇಳಬಹುದು. ಪ್ರಚಾರದ ಹಣವೆಂದಾದರೆ ಅದು ಜಾಹೀರಾತು, ವಾಚನಾಲಯದ ಹೆಸರನ್ನು ಅದಕ್ಕೆ ಕೊಡಬೇಡಿರಿ.

ಹಾಜರಿ ಪುಸ್ತಕ ನಿಮ್ಮದೇ ಇರಲಿ. ಅದರಲ್ಲಿ ಹೆಸರು ಮತ್ತು ಸಹಿ ಸಾಕು.

ಪಾಠಪುಸ್ತಕವನ್ನು ಮುಂಚಿತವಾಗಿ ತರಿಸಿಕೊಂಡು ಓದಿ ನೋಡಿರಿ. ಅದರಲ್ಲಿ ನಾನು ಹುಡುಕುವುದು ಕಂಪನಿಗೆ ಹಿತವಲ್ಲದ ಸಂಗತಿಗಳನ್ನು. ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಬಹುದು ಎಂಬ ಹಕ್ಕು, ನಡುವೆ ಕಂತು ನಿಲ್ಲಿಸಿದರೆ ಆಗುವ ನಷ್ಟ, ವರ್ಷಕ್ಕೆ 436 ರೂಪಾಯಿಗೆ 2 ಲಕ್ಷದ ಜೀವವಿಮೆ ಕೊಡುವ ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆ, ಇವೆಲ್ಲ ಅದರಲ್ಲಿದ್ದರೆ ಪುಸ್ತಕವನ್ನು ನಂಬಬಹುದು. ನಮ್ಮ ಜಿಲ್ಲೆಗೆ ತೀರ ಅಗತ್ಯವಾದ ಇನ್ನೊಂದು ವಿಷಯವಿದೆ. ಬ್ಯಾಂಕ್ ಠೇವಣಿಗೆ 2020ರಿಂದ 5 ಲಕ್ಷದವರೆಗೆ ವಿಮೆ ಇದೆ. ಆದರೆ ಊರೂರಿನ ಸೇವಾ ಸಹಕಾರಿ ಬ್ಯಾಂಕುಗಳು ಕಾನೂನಿನ ದೃಷ್ಟಿಯಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಾದುದರಿಂದ ಅವುಗಳ ಠೇವಣಿಗೆ ಆ ವಿಮೆ ಅನ್ವಯಿಸುವುದಿಲ್ಲ, ಕೇರಳದಲ್ಲಿ ಅವಕ್ಕೆ ಪ್ರತ್ಯೇಕ ಖಾತರಿ ನಿಧಿ ಇದೆ. ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿರುವ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿರಬೇಕು.

ವಿಶೇಷ ಶಿಕ್ಷಕಿ, ಬದಿಯಡ್ಕ

ಅಂಗವಿಕಲರಿಗೂ ತರಗತಿ ಇದೆ ಎಂದು ಪತ್ರದಲ್ಲಿ ಒಂದು ಸಾಲು ಬರೆಯುವುದು ಸುಲಭ, ಅದಕ್ಕೆ ತಕ್ಕ ಪಾಠವನ್ನು ಸಿದ್ಧಪಡಿಸಲಾಗಿದೆಯೇ ಎಂದು ಕೇಳಬೇಕು. ದೃಷ್ಟಿಯಿಲ್ಲದ ವಿದ್ಯಾರ್ಥಿಯ ಮುಂದೆ ಪ್ರೊಜೆಕ್ಟರ್ ಇಟ್ಟು ಪ್ರಯೋಜನವಿಲ್ಲ. ಅವನ ಕೈಗೆ ಹೊಸ ನೋಟುಗಳನ್ನೇ ಕೊಡಬೇಕು: 100ರ ನೋಟಿನ ಎಡಬಲ ಅಂಚುಗಳಲ್ಲಿ 4 ಉಬ್ಬುಗೆರೆಗಳು, 200ರಲ್ಲಿ 4 ಗೆರೆಗಳ ನಡುವೆ 2 ವೃತ್ತಗಳು, 500ರಲ್ಲಿ 5 ಗೆರೆಗಳು. ಹೆಬ್ಬೆರಳನ್ನು ಅಂಚಿನ ಮೇಲೆ ನಿಧಾನವಾಗಿ ಎಳೆದು ಎಣಿಸುವುದನ್ನು ಒಂದಿಡೀ ಅವಧಿ ಕಲಿಸಬೇಕಾಗುತ್ತದೆ. ಕೈಯಿಂದ ಕೈಗೆ ಓಡಾಡಿ ಸವೆದ ನೋಟಿನಲ್ಲಿ ಗೆರೆ ಸಿಗದಿದ್ದಾಗ ರಿಸರ್ವ್ ಬ್ಯಾಂಕು 2020ರಲ್ಲಿ ಹೊರತಂದ, ನೋಟಿನ ಮೌಲ್ಯವನ್ನು ಗಟ್ಟಿಯಾಗಿ ಹೇಳುವ ಆ್ಯಪ್ ಬಳಸುವುದನ್ನೂ ತೋರಿಸಬೇಕು.

ಬೌದ್ಧಿಕ ಅಂಗವಿಕಲತೆ ಇರುವವರ ವಿಷಯ ಇನ್ನೂ ಸೂಕ್ಷ್ಮವಾದುದು. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಆದೇಶಿಸಿತು. ಆ ಮೊತ್ತ ಖಾತೆಗೆ ಬಿದ್ದ ಮನೆಗಳ ತಾಯಂದಿರು ನನ್ನಲ್ಲಿ ಕೇಳುವುದು ಒಂದೇ ಪ್ರಶ್ನೆ: ನಮ್ಮ ಕಾಲಾನಂತರ ಈ ಹಣವನ್ನು ಮಗುವಿಗಾಗಿ ನೋಡಿಕೊಳ್ಳುವವರು ಯಾರು? 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಿ, 18 ತುಂಬಿದ ಮಕ್ಕಳಿಗೆ ಕಾನೂನುಬದ್ಧ ಪೋಷಕರನ್ನು (ಗಾರ್ಡಿಯನ್) ನೇಮಿಸಿಕೊಳ್ಳಬಹುದು. ಅದೇ ಟ್ರಸ್ಟಿನ ನಿರಾಮಯ ಯೋಜನೆಯಲ್ಲಿ 1 ಲಕ್ಷದವರೆಗೆ ಆರೋಗ್ಯ ವಿಮೆಯೂ ಇದೆ. ಹೆತ್ತವರ ತರಗತಿಯಲ್ಲಿ ಇವೆರಡೇ ವಿಷಯಗಳನ್ನು ಹೇಳಿ, ಅಲ್ಲೇ ಕುಳಿತು ಅರ್ಜಿ ತುಂಬಿಸಿಕೊಟ್ಟರೂ ದೊಡ್ಡ ಉಪಕಾರವಾದೀತು. ಆ 5 ಲಕ್ಷದ ಮೇಲೆ ಕಣ್ಣಿಟ್ಟು ಒಬ್ಬ ಏಜೆಂಟರೂ ಆ ಕೋಣೆಗೆ ಕಾಲಿಡಬಾರದು. ಈ ಒಂದು ಷರತ್ತಿನಲ್ಲಿ ದಯವಿಟ್ಟು ಸಡಿಲ ಬಿಡಬೇಡಿರಿ.

ಅಡಿಕೆ ಕೃಷಿಕ, ಪೈವಳಿಕೆ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ನನ್ನದೊಂದು ಸೇರ್ಪಡೆ. ತಿಂಗಳ ಸಂಬಳದಲ್ಲಿ ಇಷ್ಟು ಭಾಗ ಖರ್ಚು, ಇಷ್ಟು ಭಾಗ ಉಳಿತಾಯ ಎಂಬ ಪಾಠದಿಂದ ತೋಟದವರಿಗೆ ಏನೂ ಸಿಗುವುದಿಲ್ಲ. ನಮ್ಮಲ್ಲಿ ಅಡಿಕೆ ಒಣಗಿ, ಸುಲಿದು, ಮಾರಿದಾಗ ಹಣ. ಮಳೆಗಾಲಕ್ಕೆ ಕೊಳೆರೋಗದ ಮದ್ದು ಬಿಡುವ ಖರ್ಚೂ ಶಾಲೆಯ ಖರ್ಚೂ ಒಟ್ಟಿಗೇ ಬರುವ ಹೊತ್ತಿನಲ್ಲಿ ಕೈ ಖಾಲಿ. ಹಾಗಾಗಿ ವರ್ಷದ ಲೆಕ್ಕ ಬರೆಯುವುದನ್ನು ಕಲಿಸಲಿ. ದಾಸ್ತಾನಿಟ್ಟ ಚಾಲಿ ಅಡಿಕೆಯನ್ನು (ಬಿಸಿಲಲ್ಲಿ ಒಣಗಿಸಿ ಸುಲಿದದ್ದು) ಈಗಲೇ ಮಾರುವುದು ಮೇಲೋ, ಸಾಲ ಮಾಡಿ ಹಳೆ ಅಡಿಕೆಯಾಗುವವರೆಗೆ ಕಾಯುವುದು ಮೇಲೋ ಎಂಬುದನ್ನು ಬಡ್ಡಿಯ ಸಮೇತ ಲೆಕ್ಕ ಹಾಕಿ ತೋರಿಸುವ ಶಿಕ್ಷಕರು ಬಂದರೆ ನಾನೇ ಮುಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇನೆ. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಬೆಳೆಸಾಲವನ್ನು ಗಡುವಿನೊಳಗೆ ತೀರಿಸಿದರೆ ಬಡ್ಡಿ ಶೇ. 4ಕ್ಕೆ ಇಳಿಯುತ್ತದೆ ಎಂಬುದನ್ನೂ ಎಲ್ಲರಿಗೂ ತಿಳಿಯುವಂತೆ ಹೇಳಬೇಕು. ಪುಸ್ತಕ ಕನ್ನಡದಲ್ಲಿರಲಿ, ವಿವರಣೆ ಬೇಕಾದಲ್ಲಿ ತುಳುವಿನಲ್ಲೂ ಮಲಯಾಳದಲ್ಲೂ ನಡೆಯಲಿ.

ವಾಚನಾಲಯದ ಕಾರ್ಯದರ್ಶಿ, ಎಣ್ಮಕಜೆ

ಮೂವರಿಗೂ ಕೃತಜ್ಞತೆಗಳು. ಹಣದ ಲೆಕ್ಕ, ಹಾಜರಿ ಪುಸ್ತಕ, ಏಜೆಂಟರಿಗೆ ನಿಷೇಧ, ಪುಸ್ತಕದ ಪೂರ್ವ ಪರಿಶೀಲನೆ ಎಂಬ ಷರತ್ತುಗಳನ್ನು ಮುಂದಿನ ಸಭೆಯಲ್ಲಿಟ್ಟು ಕಂಪನಿಗೆ ಉತ್ತರ ಬರೆಯುತ್ತೇವೆ. ಅವರು ಒಪ್ಪದಿದ್ದರೆ ಲೀಡ್ ಬ್ಯಾಂಕಿನ (ಜಿಲ್ಲೆಯ ಬ್ಯಾಂಕುಗಳ ಕೆಲಸವನ್ನು ಸಂಯೋಜಿಸುವ ಬ್ಯಾಂಕು) ಹಣಕಾಸು ಸಾಕ್ಷರತಾ ಕೇಂದ್ರದಿಂದ ಸಲಹೆಗಾರರನ್ನು ಕರೆಸುವ ಆಲೋಚನೆ ಇದೆ. ಟೀಚರ್, ಪೋಷಕರ ನೇಮಕದ ಅರ್ಜಿಗೆ ಬೇಕಾಗುವ ದಾಖಲೆಗಳ ಪಟ್ಟಿಯನ್ನು ಇಲ್ಲಿ ಹಾಕಲು ನಿಮಗೆ ಸಾಧ್ಯವೇ? ಕಂಪನಿಯ ಉತ್ತರಕ್ಕೆ ಕಾಯದೆ ಆ ಒಂದು ತರಗತಿಯನ್ನು ನಾವೇ ಆರಂಭಿಸುವುದು ಒಳ್ಳೆಯದೆಂದು ತೋರುತ್ತದೆ.