ದ ಫಾಲ್ ಬ್ಯಾಂಡಿನ 39 ಹಾಡು: ನೀವು ಎಲ್ಲಿಂದ ಹಿಡಿದಿರಿ?

ರಾತ್ರಿ ಪಾಳಿ (ಪ್ರಶ್ನೆ):
ಇಂಗ್ಲೆಂಡಿನ ಪೋಸ್ಟ್-ಪಂಕ್ ಬ್ಯಾಂಡುಗಳಲ್ಲಿ ಜಾಯ್ ಡಿವಿಷನ್ ಕೇಳಿ ಆಯ್ತು, ವೈರ್ ಕೇಳಿ ಆಯ್ತು. ಅದೇ ಕಾಲದ ದ ಫಾಲ್ ಕೇಳೋಣ ಅಂತ ಹೊರಟರೆ ಸ್ಟುಡಿಯೋ ಆಲ್ಬಂಗಳೇ ಸುಮಾರು 30 ಇವೆ. ಗೆಳೆಯನೊಬ್ಬ 2004ರ ಎರಡು ಸಿಡಿಗಳ, 39 ಹಾಡಿನ ಸಂಕಲನ ‘50,000 ಫಾಲ್ ಫ್ಯಾನ್ಸ್ ಕಾಂಟ್ ಬಿ ರಾಂಗ್’ ಕೊಟ್ಟ. ಒಂದೇ ಪಟ್ಟಿಗೆ ಕೂತು ಪೂರ್ತಿ ಕೇಳಿದೆ. ತಲೆ ಗಿರ್ ಅಂದಿತು. ಇದರಿಂದಲೇ ಶುರು ಮಾಡಿದವರು ಇದ್ದೀರಾ? ಹೇಗೆ ಕೇಳಿದಿರಿ, ಆಮೇಲೆ ಎಲ್ಲಿಗೆ ಹೋದಿರಿ?

ಹಳೇ ಕ್ಯಾಸೆಟ್:
ನಾನೂ ಇದರಿಂದಲೇ ಶುರು ಮಾಡಿದ್ದು, ಮೊದಲು ನಿಮ್ಮ ತಪ್ಪನ್ನೇ ಮಾಡಿದೆ. 39 ಹಾಡನ್ನು ಒಟ್ಟಿಗೆ ಕೇಳುವುದು ಅಂದರೆ ಒಂದೇ ಮದುವೆಯಲ್ಲಿ ಮೂರು ಪಂಕ್ತಿಗೂ ಕೂತು ಉಂಡ ಹಾಗೆ. ಹೆಸರಿಗೆ ಒಂದು ಬ್ಯಾಂಡ್, ಒಳಗೆ ಏಳೆಂಟು ಇವೆ. 1976ರಲ್ಲಿ ಮ್ಯಾಂಚೆಸ್ಟರ್ ಪಕ್ಕದ ಪ್ರೆಸ್ಟ್‌ವಿಚ್‌ನಲ್ಲಿ ಶುರುವಾಗಿ, 2018ರಲ್ಲಿ ಗಾಯಕ ಮಾರ್ಕ್ ಇ. ಸ್ಮಿತ್ ತೀರಿಕೊಳ್ಳುವವರೆಗೂ ನಡೆಯಿತು. ಅಷ್ಟೂ ವರ್ಷ ಇದ್ದವನು ಅವನೊಬ್ಬನೇ. ಬಂದು ಹೋದವರು 60ಕ್ಕೂ ಜಾಸ್ತಿ.

ಹಾಡುಗಳು 1978ರಿಂದ 2003ರವರೆಗೆ ವರ್ಷದ ಪ್ರಕಾರ ಜೋಡಿಸಿವೆ. ಅದನ್ನೇ ಬಳಸಿಕೊಳ್ಳಿ. ದಿನಕ್ಕೆ ಐದಾರು ಹಾಡು ಸಾಕು. ಎಲ್ಲಿ ಕಿವಿ ನಿಲ್ಲುತ್ತದೋ ಆ ವರ್ಷ ಗುರುತು ಹಾಕಿ, ಆ ಆಸುಪಾಸಿನ ಆಲ್ಬಂ ತೆಗೆಯಿರಿ.

ನನ್ನದು ನಿಂತಿದ್ದು ‘ಹಿಪ್ ಪ್ರೀಸ್ಟ್’ನಲ್ಲಿ. ಶುರುವಿನಲ್ಲಿ ಏನೂ ಕೇಳಿಸುವುದಿಲ್ಲ ಅನ್ನುವಷ್ಟು ಮೆಲ್ಲಗೆ. ಡ್ರಮ್ಮು ನಲ್ಲಿ ತೊಟ್ಟಿಕ್ಕಿದ ಹಾಗೆ, ಸ್ಮಿತ್ ತನ್ನಷ್ಟಕ್ಕೆ ಗೊಣಗುತ್ತಾನೆ. ನಾನು ವಾಲ್ಯೂಮ್ ಏರಿಸಿದೆ, ಇನ್ನೂ ಏರಿಸಿದೆ. ಇದ್ದಕ್ಕಿದ್ದಂತೆ ಇಡೀ ಬ್ಯಾಂಡು ಒಮ್ಮೆಲೇ ಬಿತ್ತು ನೋಡಿ! ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಓಡಿ ಬಂದರು. ಈ ಹಾಡು ಐಸ್‌ಲ್ಯಾಂಡಿನಲ್ಲಿ ರೆಕಾರ್ಡ್ ಆಗಿದ್ದು, 1982ರ ‘ಹೆಕ್ಸ್ ಎಂಡಕ್ಷನ್ ಅವರ್’ನಲ್ಲಿದೆ. ಇಬ್ಬರು ಡ್ರಮ್ಮರ್‌ಗಳು. ಸಂಕಲನ ಪಕ್ಕಕ್ಕಿಟ್ಟು ಮೂರು ತಿಂಗಳು ಅದೊಂದನ್ನೇ ಕೇಳಿದೆ.

ಬಾಸ್ ಕಿವಿ:
ಹಾಡು ಅರ್ಥ ಆಗದಿದ್ದರೆ ಬಾಸ್ ಗಿಟಾರಿನ ಹಿಂದೆ ಹೋಗಿ. 1979ರಿಂದ 1998ರವರೆಗೆ ಅದನ್ನು ನುಡಿಸಿದ್ದು ಸ್ಟೀವ್ ಹ್ಯಾನ್ಲಿ. ಗಿಟಾರು ಕೆರೆಯುತ್ತಾ ಇರುತ್ತದೆ, ರಾಗ ಇರುವುದು ಬಾಸಿನಲ್ಲೇ.

ಗೀರು ಬಿದ್ದ ಸಿಡಿ:
ನನ್ನದು ಸೆಕೆಂಡ್ ಹ್ಯಾಂಡ್. ಮಾರಿದವನು ‘ಹೊಸದರ ಹಾಗಿದೆ’ ಅಂದಿದ್ದ. ಒಂದು ಹಾಡಿನಲ್ಲಿ ಅದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಇವರು ಹಾಡಿದ್ದೇ ಹಾಡೋ ಕಿಸಬಾಯಿ ದಾಸರು ಅಂತ ಮೊದಲೇ ಗೊತ್ತಿತ್ತಲ್ಲ, ಮೊದಲ ಹಾಡಿನ ಹೆಸರೇ ‘ರಿಪಿಟಿಷನ್’! ತಲೆ ಆಡಿಸುತ್ತಾ ಕೂತೆ. ಎಷ್ಟೋ ಹೊತ್ತಿನ ಮೇಲೆ ನೋಡಿದರೆ ಪ್ಲೇಯರಿನ ಸೆಕೆಂಡು ಮುಂದಕ್ಕೇ ಹೋಗಿಲ್ಲ. ಹಳೆಯದು ಕೊಳ್ಳುವವರು ಎರಡೂ ಸಿಡಿ ಬೆಳಕಿಗೆ ಹಿಡಿದು ನೋಡಿ.

ಒಂದು ತಕರಾರು:
ಸಂಕಲನದಿಂದ ಶುರು ಮಾಡಬೇಡಿ ಅನ್ನುವ ಪಕ್ಷ ನನ್ನದು. ಹಳೇ ಕ್ಯಾಸೆಟ್ ಅವರೇ, ನೀವೂ ಕೊನೆಗೆ ಆಲ್ಬಂನಲ್ಲೇ ಉಳಿದಿರಿ ಅಲ್ವಾ? ನೇರವಾಗಿ 1985ರ ‘ದಿಸ್ ನೇಷನ್ಸ್ ಸೇವಿಂಗ್ ಗ್ರೇಸ್’ ಹಾಕಿ. 1983ರಲ್ಲಿ ಅಮೆರಿಕದ ಬ್ರಿಕ್ಸ್ ಸ್ಮಿತ್ ಗಿಟಾರ್ ಹಿಡಿದು ಬಂದ ಮೇಲೆ ಹಾಡುಗಳಿಗೆ ಬಾಗಿಲು, ಕಿಟಕಿ ಬಂದವು. ಒರಟುತನ ಹೋಗಲಿಲ್ಲ, ಗುನುಗುವ ಹಾಗಾಯಿತು ಅಷ್ಟೇ. ಇನ್ನೊಂದು ಮಾತು. ಈ ಸಂಕಲನ 2003ಕ್ಕೇ ನಿಲ್ಲುತ್ತದೆ. 2005ರ ‘ಬ್ಲೈಂಡ್‌ನೆಸ್’ ಹಾಡು ಇಲ್ಲದೆ ಫಾಲ್ ಕೇಳಿದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಹಳೇ ಕ್ಯಾಸೆಟ್:
ಒಪ್ಪಿದೆ. ಆದರೆ ‘ಟೋಟಲಿ ವೈರ್ಡ್’, ‘ಹೌ ಐ ರೋಟ್ ಎಲಾಸ್ಟಿಕ್ ಮ್ಯಾನ್’ ಎರಡೂ 1980ರ ಸಿಂಗಲ್‌ಗಳು. ಆಗಿನ ಯಾವ ಆಲ್ಬಂನಲ್ಲೂ ಇರಲಿಲ್ಲ. ಆಲ್ಬಂ ಮಾತ್ರ ಹಿಡಿದು ಹೊರಟವರಿಗೆ ಇವು ತಪ್ಪಿಹೋಗುತ್ತವೆ. 1990ರಲ್ಲಿ ಬಂದ ಹಳೆಯ ಸಂಕಲನವೂ 1984ರಿಂದ 89ರವರೆಗಿನದ್ದು ಮಾತ್ರ.

ಮಳೆ ಊರು:
ಮ್ಯಾಂಚೆಸ್ಟರಿನಲ್ಲಿ ಎರಡು ವರ್ಷ ಓದಿದೆ. ಸ್ಮಿತ್ ಏನು ಹೇಳುತ್ತಾನೆ ಅಂತ ಅಲ್ಲಿಯವರಿಗೂ ಪೂರ್ತಿ ತಿಳಿಯುವುದಿಲ್ಲ, ನಿಮ್ಮ ಇಂಗ್ಲಿಷನ್ನು ಬೈದುಕೊಳ್ಳಬೇಡಿ. ಸಾಲಿನ ಕೊನೆಗೆ ಒಂದು ‘ಅಹ್’ ಸೇರಿಸುವುದು ಅವನ ಚಾಳಿ. ನಾವು ಬಸ್ಸು, ಕಾರು, ಬ್ಯಾಂಕು ಅನ್ನುವ ಹಾಗೆ. ಹೀಗೆ ಅನ್ನಿಸಿದ ದಿನದಿಂದ ನನಗೆ ಅವನು ನೆಂಟನೇ ಆಗಿಬಿಟ್ಟ.

ಹೆಸರಿನ ತಮಾಷೆಯೂ ಗೊತ್ತಿರಲಿ. 1959ರಲ್ಲಿ ಎಲ್ವಿಸ್ ಪ್ರೆಸ್ಲಿಯ ಸಂಕಲನವೊಂದು ‘ಐದು ಕೋಟಿ ಅಭಿಮಾನಿಗಳು ತಪ್ಪಿರಲಾರರು’ ಅಂತ ಬಂದಿತ್ತು. ಇವರು ಮೂರು ಸೊನ್ನೆ ಹೊಡೆದುಹಾಕಿ ಐವತ್ತು ಸಾವಿರಕ್ಕೆ ಇಳಿಸಿದರು. ಆ ಐವತ್ತು ಸಾವಿರದಲ್ಲಿ ಮೊದಲಿನವರು ಬಿಬಿಸಿ ರೇಡಿಯೋದ ನಿರೂಪಕ ಜಾನ್ ಪೀಲ್. ಅವರ ಕಾರ್ಯಕ್ರಮಕ್ಕೆ ಫಾಲ್ 24 ಸಲ ನುಡಿಸಿದೆ. 2005ರಲ್ಲಿ ಅವೆಲ್ಲ ಆರು ಸಿಡಿಗಳಲ್ಲಿ ಬಂದವು. ಬ್ಯಾಂಡು ಹೇಗೆ ಬದಲಾಯಿತು ಅಂತ ನೋಡಲು ನನ್ನ ಪ್ರಕಾರ ಅದೇ ಮೇಲು. ಆದರೆ ಈಗಲೇ ಬೇಡ, ಇನ್ನೊಂದು ವರ್ಷ ಬಿಟ್ಟು ಕೇಳಿ.

ರಾತ್ರಿ ಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಕೆಲಸ ಮುಗಿಸಿ ಬಂದು ಆರೇ ಹಾಡು ಕೇಳಿದೆ. ‘ಟೋಟಲಿ ವೈರ್ಡ್’ ಮೂರು ಸಲ ಹಾಕಿದೆ. ಹಾಗಾದರೆ 1980ರ ಆಲ್ಬಂ ಯಾವುದು?

ಹಳೇ ಕ್ಯಾಸೆಟ್:
‘ಗ್ರೊಟೆಸ್ಕ್’. ಹೆಡ್‌ಫೋನ್ ಹಾಕಿಕೊಳ್ಳಿ, ಮನೆಯವರು ಮಲಗಿರುತ್ತಾರೆ.