ಮೆದುಳಿನ ರಕ್ತಸ್ರಾವಕ್ಕೆ ಆಕ್ಸಿಜನ್ ಚೇಂಬರ್ ಕೊಡಿಸಬಹುದಾ?

ಸವಿತಾ, ರಾಜಾಜಿನಗರ: ಡಾಕ್ಟರೇ, ಅಪ್ಪನಿಗೆ 61. ಬಿಪಿ ಏರಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಎರಡು ತಿಂಗಳಾಯಿತು. ಬಲಗೈ ಏಳುತ್ತಿಲ್ಲ. ಹೈಪರ್‌ಬೇರಿಕ್ ಆಕ್ಸಿಜನ್, ಅಂದರೆ ಚೇಂಬರ್‌ನೊಳಗೆ ಒತ್ತಡದ ಆಕ್ಸಿಜನ್, 40 ಸಲ ಕೊಡಿಸಿದರೆ ಸತ್ತ ನರಕೋಶ ಮತ್ತೆ ಏಳುತ್ತದೆ ಅಂತ ಒಂದು ಸೆಂಟರ್‌ನವರು ಹೇಳುತ್ತಿದ್ದಾರೆ. ಉಸಿರಾಡಲು ಕತ್ತಿನಲ್ಲಿ ಟ್ಯೂಬ್ ಇದೆ. ಹೋದ ತಿಂಗಳು ಫಿಟ್ಸ್ ಬಂದಿತ್ತು. ಬೀಡಿ ಜಾಸ್ತಿ ಸೇದಿದವರು.

ಡಾಕ್ಟರ್: ಸವಿತಾ ಅವರೇ, ಈಗ ಬೇಡ. ಸತ್ತ ನರಕೋಶ ಯಾವ ಆಕ್ಸಿಜನ್‌ಗೂ ಏಳುವುದಿಲ್ಲ. ಆ ಚೇಂಬರ್‌ನಲ್ಲಿ ಒತ್ತಡ ಹೊರಗಿನ ಗಾಳಿಯ ಎರಡು ಪಟ್ಟಿನಷ್ಟು ಇರುತ್ತದೆ, ಉಸಿರಾಡುವುದು ಶುದ್ಧ ಆಕ್ಸಿಜನ್. ಆಳ ನೀರಿನಿಂದ ಬೇಗ ಮೇಲೆ ಬಂದ ಡೈವರ್‌ಗಳಿಗೆ, ಕಾರ್ಬನ್ ಮೊನಾಕ್ಸೈಡ್ ವಿಷಕ್ಕೆ, ಶುಗರ್ ಇರುವವರ ಕಾಲಿನ ಕೆಲವು ಹುಣ್ಣಿಗೆ ಕೊಡುತ್ತಾರೆ. ಮೆದುಳಿನ ರಕ್ತಸ್ರಾವ ಒಪ್ಪಿತ ಪಟ್ಟಿಯಲ್ಲಿಲ್ಲ.

ನನಗೆ ಭಯ ಹುಟ್ಟಿಸಿದ್ದು ನಿಮ್ಮ ಕೊನೆಯ ಮೂರು ಮಾತು. ಒತ್ತಡದ ಆಕ್ಸಿಜನ್ನೇ ಫಿಟ್ಸ್ ತರಬಹುದು. ಬೀಡಿಯಿಂದ ಹಾಳಾದ ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳಿದ್ದರೆ, ಒತ್ತಡ ಇಳಿಸುವಾಗ ಹಿಗ್ಗಿ ಒಡೆಯಬಹುದು. ಟ್ಯೂಬಿನ ಸುತ್ತ ಇರುವ ಕಫ್ ಅನ್ನುವ ಪುಟ್ಟ ಬಲೂನಿನಲ್ಲಿ ಗಾಳಿ ಇದ್ದರೆ ಒಳಗೆ ಕುಗ್ಗಿಬಿಡುತ್ತದೆ, ಅದಕ್ಕೇ ಗಾಳಿ ತೆಗೆದು ಸಲೈನ್ ತುಂಬಬೇಕು. ಎದೆಯ ಸಿಟಿ ಸ್ಕ್ಯಾನ್ ಆಗಿದೆಯಾ ಅಂತ ಅವರು ಕೇಳಿದರಾ? ಫಿಟ್ಸ್ ಮಾತ್ರೆ ನೋಡಿದರಾ?

ಆ ದುಡ್ಡು ಫಿಸಿಯೋಗೆ ಹಾಕಿ. ಮೊದಲ ಆರು ತಿಂಗಳಲ್ಲೇ ಜಾಸ್ತಿ ಚೇತರಿಕೆ ಕಾಣುವುದು. ಬಿಪಿ 130/80ರ ಒಳಗಿರಲಿ.

ಮಂಜುನಾಥ: ಸರ್, ಒಂದು ಸಿಟ್ಟಿಂಗ್‌ಗೆ ಎಷ್ಟಾಗುತ್ತೆ?

ಡಾಕ್ಟರ್: ಗೊತ್ತಿಲ್ಲ. ನಾನು ಮಾರುವುದಿಲ್ಲ.

ಶ್ರೀಧರ್: ಬಂದಿದ್ದನ್ನು ಹಾಕಿದ್ದೇನೆ. ಸ್ಟ್ರೋಕ್ ಆದ ತಕ್ಷಣ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬರಿಸಿದರೆ ಜೀವ ಉಳಿಯುತ್ತದಂತೆ 🙏

ಡಾಕ್ಟರ್: ಡಿಲೀಟ್ ಮಾಡಿ. ಸೂಜಿ ಹುಡುಕುತ್ತಾ ಕೂತರೆ ರೋಗಿ ಹೋಗುತ್ತಾನೆ. 108ಕ್ಕೆ ಫೋನ್ ಮಾಡಿ.

ಕಲಾವತಿ: ಅಮ್ಮನ ತಲೆಯ ಮೂಳೆ ತೆಗೆದಿಟ್ಟಿದ್ದಾರೆ. ವಾಪಸ್ ಯಾವಾಗ ಕೂರಿಸುತ್ತಾರೆ?

ರಮೇಶ್: ನಮ್ಮ ಮಾವನಿಗೆ 20 ಸಿಟ್ಟಿಂಗ್‌ಗೇ ಕೈ ಎದ್ದಿತು. ಡಾಕ್ಟರುಗಳು ಬೇರೆ ಯಾವುದನ್ನೂ ಒಪ್ಪುವುದಿಲ್ಲ ಬಿಡಿ.

ಪುಷ್ಪಾ: ಜೊತೆಗೆ ದಿನಾ ಫಿಸಿಯೋ ಮಾಡಿಸಿದೆವು ಅಂತ ಹೋದ ವಾರ ನೀವೇ ಬರೆದಿದ್ದಿರಿ, ಅಲ್ವಾ?

ರಮೇಶ್: ನಿಮ್ಮನ್ನು ಕೇಳಿದೆನಾ?

ಪುಷ್ಪಾ: ಗ್ರೂಪಿಗೆ ಹಾಕಿದ ಮೇಲೆ ಎಲ್ಲರೂ ಓದುತ್ತಾರೆ ಸ್ವಾಮಿ. ಅಂದಹಾಗೆ, ಆ ಸೆಂಟರ್ ನಿಮ್ಮ ಭಾಮೈದನದಂತೆ?

ರಮೇಶ್: ಸುಮ್ನೆ ಏನೇನೋ ಹೇಳಬೇಡಿ. ಪಾರ್ಟ್‌ನರ್ ಅಷ್ಟೇ.

ಮಂಜುನಾಥ: ಹಾಗಾದರೆ ರೇಟ್ ಅವರನ್ನೇ ಕೇಳಬಹುದಾ?

ಸವಿತಾ: ಸರ್, ಕೇಳಿದೆ. ಎದೆಯ ಸಿಟಿ ಬೇಕಿಲ್ಲವಂತೆ. ಆಫರ್ ಶನಿವಾರದವರೆಗೆ ಮಾತ್ರವಂತೆ.

ಡಾಕ್ಟರ್: ಸಿಟಿ ಕೇಳದವರು ಆಫರ್ ಕೊಡುತ್ತಾರೆ! ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳಿ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗ ಇದೆ. ಸ್ಕ್ಯಾನ್, ಡಿಸ್ಚಾರ್ಜ್ ಸಮ್ಮರಿ ಎತ್ತಿಕೊಂಡು ಸೋಮವಾರ ಹೋಗಿ. ರಮೇಶ್, ಇನ್ನೊಂದು ಸಲ ಆ ಸೆಂಟರ್‌ನ ಪೋಸ್ಟರ್ ಇಲ್ಲಿ ಕಂಡರೆ ನಾನು ಗ್ರೂಪ್ ಬಿಡುತ್ತೇನೆ.