ಕಾರವಾರದ ಹಿತ್ತಿಲಿನಲ್ಲಿ ಪ್ರಕೃತಿಯ ಆರಾಧನೆ: ಯಾವ ಪಂಚಾಂಗ, ಯಾವ ಹೆಸರು?

ಪ್ರಶ್ನೆ
ಕಾಳಿತೀರ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾಳಿ ನದಿ ಕಡಲು ಸೇರುವ ಜಾಗದಿಂದ ತುಸು ಒಳಗೆ, ಸದಾಶಿವಗಡದ ಕಡೆ ನಮ್ಮ ಮನೆಯಿದೆ. ನಾನು ಮತ್ತು ಆಯಿ (ಅಮ್ಮ) ಇಬ್ಬರೇ ಇರುತ್ತೇವೆ. ‘ವಿಕ್ಕಾ’ ಎಂದು ಕರೆಯಲಾಗುವ ಆಧುನಿಕ ಪ್ರಕೃತಿ ಆರಾಧನೆಯನ್ನು ಮೂರು ವರ್ಷಗಳಿಂದ ಓದುತ್ತ, ನನ್ನಷ್ಟಕ್ಕೆ ಪಾಲಿಸುತ್ತ ಬಂದಿದ್ದೇನೆ. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಇದು ಇಂಗ್ಲೆಂಡಿನಲ್ಲಿ ರೂಪುಗೊಂಡ ದಾರಿ. ಅಲ್ಲಿ ಮಾಟಕ್ಕೆ ಸಂಬಂಧಿಸಿದ 1735ರ ಕಾಯ್ದೆ 1951ರಲ್ಲಿ ರದ್ದಾದ ಮೇಲೆ, ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತರಾದ ಜೆರಾಲ್ಡ್ ಗಾರ್ಡನರ್ ಎಂಬುವರು 1954ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಹೊರಗಿನವರಿಗೆ ಪರಿಚಯವಾಯಿತು. ವರ್ಷಕ್ಕೆ ಎಂಟು ಋತು ಹಬ್ಬಗಳು, ಚಂದ್ರನ ಏರಿಳಿತಕ್ಕೆ ಹೊಂದಿಸಿದ ಸಂಕಲ್ಪಗಳು, ಗಿಡಮೂಲಿಕೆಯ ಬಳಕೆ, ಯಾರಿಗೂ ಹಾನಿ ಮಾಡಬಾರದೆಂಬ ನಿಯಮ, ಇವು ಅದರ ತಿರುಳು. ತಂದೆ ತೀರಿಕೊಂಡ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಆಚರಣೆಯೇ ಆದ್ದರಿಂದ ಇದನ್ನು ಹವ್ಯಾಸವೆಂದು ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ಕಳೆದ ಅಕ್ಟೋಬರ್ 31ರ ರಾತ್ರಿ ಅವರ ‘ಸಾವಿನ್’ ಹಬ್ಬ. ಗತಿಸಿದವರನ್ನು ನೆನೆಯುವ ದಿನ. ಪುಸ್ತಕದಲ್ಲಿದ್ದಂತೆಯೇ ಹಿತ್ತಿಲಿನ ಮಾವಿನ ಮರದ ಸುತ್ತ ಉಪ್ಪಿನಿಂದ ವೃತ್ತ ಬರೆದು, ಮೇಣದಬತ್ತಿ ಹಚ್ಚಿ, ಆನ್‌ಲೈನಿನಲ್ಲಿ ತರಿಸಿದ ಬಿಳಿ ಸೇಜ್ ಎಲೆಯ ಕಟ್ಟನ್ನು ಉರಿಸಿದೆ. ಬೆಳಗ್ಗೆ ಮನೆಗೆಲಸಕ್ಕೆ ಬರುವ ಅಕ್ಕ ಆ ಉಪ್ಪಿನ ಗೆರೆಯನ್ನೂ ಕರಗಿದ ಮೇಣವನ್ನೂ ನೋಡಿ, ಅಂಗಳದಿಂದಲೇ ಹಿಂತಿರುಗಿದರು. ಎರಡು ದಿನದಲ್ಲಿ ಕೇರಿಯಲ್ಲೆಲ್ಲ ‘ಆ ಮನೆಯಲ್ಲಿ ಮಾಟ ಮಾಡುತ್ತಾರೆ’ ಎಂಬ ಮಾತು ಹರಡಿತು. ಆಯಿ ಒಂದು ಮಾತನ್ನೂ ಆಡಲಿಲ್ಲ, ಆದರೆ ಸಂಜೆ ಸೊಸೈಟಿಗೆ ಹಾಲು ತರಲು ಹೋಗುವುದನ್ನು ನಿಲ್ಲಿಸಿಬಿಟ್ಟಳು. ಕೆಲವು ದಿನಗಳ ನಂತರ ನೋಡಿದರೆ, ಉಪ್ಪು ಬಿದ್ದಲ್ಲಿ ಗರಿಕೆಯೂ ಸುಟ್ಟು ಕಂದಾಗಿ, ಮರದ ಸುತ್ತ ಒಂದು ಬಳೆಯಷ್ಟು ನಿಖರವಾದ ಸತ್ತ ಗೆರೆ ಮೂಡಿತ್ತು. ಭೂಮಿಯನ್ನು ತಾಯಿಯೆಂದು ನಂಬಿ ಮಾಡಿದ ಪೂಜೆಯೇ ಆ ಭೂಮಿಯನ್ನು ಸುಟ್ಟಿತಲ್ಲ ಎಂಬ ಸಂಕಟ ನನ್ನನ್ನು ಈಗಲೂ ಬಿಟ್ಟಿಲ್ಲ.

ಈ ಊರಿನಲ್ಲಿದ್ದುಕೊಂಡು ನಾನು ಯಾವ ಪಂಚಾಂಗವನ್ನು ಪಾಲಿಸಬೇಕು? ಹಾಲಕ್ಕಿಯವರು ಮುಂತಾದ ಇಲ್ಲಿನ ಜನರ ಆಚರಣೆಯನ್ನು ಕದಿಯದೆ, ಈ ನೆಲದಿಂದಲೇ ಏನನ್ನು ಕಲಿಯಬಹುದು? ಆಯಿಗೆ ಹೇಗೆ ಹೇಳಲಿ?


ಉತ್ತರ
ಕಾನಂಚಿನ ಮನೆ, ಸಿದ್ದಾಪುರ

ತಂಗಿ, ವಯಸ್ಸಿನಲ್ಲಿ ಹಿರಿಯಳಾದ್ದರಿಂದ ಏಕವಚನದಲ್ಲಿ ಬರೆಯುತ್ತೇನೆ, ತಪ್ಪು ತಿಳಿಯಬೇಡ. ನಿನ್ನ ಸಂಕಟವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಮನೆಯ ಭೂಮಣ್ಣಿ ಬುಟ್ಟಿ. ನಾವು ದೀವರು. ಆಶ್ವೀಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ ಮಾಡುತ್ತೇವೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತಕ್ಕೆ ಹೊಡೆ ತುಂಬಿರುತ್ತದೆ, ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ತೀರಿಸುವಂತೆ ಅವಳಿಗೆ ಉಣ್ಣಿಸಬೇಕು. ಹಬ್ಬಕ್ಕೆ ಹಲವು ದಿನ ಮೊದಲೇ ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತೇವೆ. ನನ್ನ ಅತ್ತೆ ಆ ಕುಂಚವನ್ನು ಹಲ್ಲಿನಿಂದ ಜಗಿದು ಹದ ಮಾಡಿ ಕೊಡುತ್ತಿದ್ದರು. ಉಸಿರು ಹಿಡಿದು ಎಳೆದರೆ ಮಾತ್ರ ಗೆರೆ ನಡುಗುವುದಿಲ್ಲ ಎನ್ನುತ್ತಿದ್ದರು. ಹಿಂದಿನ ರಾತ್ರಿಯೆಲ್ಲ ಹೆಂಗಸರು ಬೇಲಿ, ಬೇಣ, ಹಿತ್ತಿಲುಗಳಿಂದ ತಂದ ಹತ್ತಾರು ಬಗೆಯ ಸೊಪ್ಪು ಬೇಯಿಸುತ್ತೇವೆ, ಬೆಳಗಿನ ಜಾವ ಗಂಡಸರು ಅದನ್ನು ಅನ್ನದೊಂದಿಗೆ ಕಲಸಿ ಗದ್ದೆಯ ತುಂಬ ಬೀರಿ ಬರುತ್ತಾರೆ. ಇಲಿ, ಹಕ್ಕಿ, ಇರುವೆ ಎಲ್ಲಕ್ಕೂ ಅದರಲ್ಲಿ ಪಾಲುಂಟು.

ಇದನ್ನು ಹೇಳಿದ್ದು ನೀನೂ ಹಾಗೆಯೇ ಬುಟ್ಟಿ ಬರೆಯಬೇಕೆಂದಲ್ಲ. ಚಿತ್ತಾರಕ್ಕೂ ಹಾಡಿಗೂ ಒಂದು ಮನೆತನದ ನಂಟು ಇರುತ್ತದೆ. ಹಾಲಕ್ಕಿ ಹೆಂಗಸರ ಕರಿಮಣಿ ಸರವನ್ನಾಗಲಿ, ಸುಗ್ಗಿಯ ತುರಾಯಿಯನ್ನಾಗಲಿ ಬೇರೆಯವರು ತೊಟ್ಟುಕೊಂಡರೆ ಅದು ವೇಷವಾಗುತ್ತದೆ. ಕರೆದಲ್ಲಿಗೆ ಹೋಗಿ, ನೋಡಿ, ಉಂಡು ಬಾ. ಅಷ್ಟು ಸಾಕು. ಆದರೆ ಆ ಹಬ್ಬದೊಳಗಿನ ಬುದ್ಧಿ ಯಾರೊಬ್ಬರ ಸ್ವತ್ತೂ ಅಲ್ಲ. ನಾವು ಭೂಮಿಯ ಹತ್ತಿರ ಹೋಗುವುದು ಅವಳಿಗೆ ಕೊಡಲು. ನಿನ್ನ ಪುಸ್ತಕದ ವೃತ್ತ ಬಹುಶಃ ನಿನ್ನನ್ನು ಕಾಪಾಡಲು ಬರೆದದ್ದು, ನೆಲಕ್ಕೆ ಅದರಲ್ಲಿ ಏನೂ ಸಿಗಲಿಲ್ಲ.

ಇನ್ನೊಂದು ಮಾತು. ನಮ್ಮ ತೋಟದ ಅಂಚಿನಲ್ಲಿ, ಹಳೆಯ ಮರವೊಂದರ ಬುಡದಲ್ಲಿ ಚೌಡಿಯ ಕಲ್ಲಿದೆ. ವರ್ಷಕ್ಕೊಮ್ಮೆ ಪೂಜೆ. ಉಳಿದ ದಿನ ಅಲ್ಲಿ ಮಾಡಬೇಕಾದ್ದು ಒಂದೇ: ಆ ಮರದ ಸುತ್ತಲಿನ ಸೊಪ್ಪು ಕಡಿಯದೆ ಬಿಡುವುದು. ಬೇರೆ ಕಡೆ ಬೇರು ಕೀಳುವಾಗಲೂ ನನ್ನ ತಾಯಿ ಅವಳ ಹೆಸರೆತ್ತಿ ‘ಬೇಕಾದ್ದಷ್ಟೇ ತಗೊಳ್ತೀನಮ್ಮ’ ಎಂದು ಕೇಳಿಕೊಂಡೇ ಕೈ ಹಾಕುತ್ತಿದ್ದರು. ನೀನು ದಿನವೂ ಮಾಡಬಹುದಾದ ಆಚರಣೆ ಬೇಕೆಂದಿದ್ದರೆ ಇದಕ್ಕಿಂತ ಹೆಚ್ಚಿನದನ್ನು ನಾನು ಹೇಳಲಾರೆ.


ಉತ್ತರ
ಶಿರಸಿಯ ವಕೀಲ

ಕಾನೂನಿನ ಸಂಗತಿಯನ್ನಷ್ಟೇ ಹೇಳುತ್ತೇನೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಕರ್ನಾಟಕದ ಕಾಯ್ದೆ 2020ರಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು, ಪವಾಡದ ಹೆಸರಿನಲ್ಲಿ ಜನರನ್ನು ವಂಚಿಸಿ ಸುಲಿಯುವುದು ಅದರ ಗುರಿ. ಯಾರ ದೇಹಕ್ಕೂ ಹಾನಿಯಾಗದಂತೆ ಮನೆಯಲ್ಲಿ ನಡೆಸುವ ಪೂಜೆಗೆ ಅದರಿಂದ ಅಡ್ಡಿಯಿಲ್ಲ. ನೀವು ನಿಮ್ಮ ಹಿತ್ತಿಲಿನಲ್ಲಿ ದೀಪ ಹಚ್ಚಿದ್ದು ಅಪರಾಧವಲ್ಲ. ಆದರೆ ಇನ್ನೊಬ್ಬರಿಗೆ ಮೂಲಿಕೆ ಕೊಟ್ಟು ಕಾಯಿಲೆ ವಾಸಿ ಮಾಡುತ್ತೇನೆಂದು ಎಂದೂ ಹೇಳಬೇಡಿ, ಅದಕ್ಕೆ ಹಣವನ್ನಂತೂ ಮುಟ್ಟಲೇಬೇಡಿ.

‘ಮಾಟಗಾತಿ’ ಎಂಬ ಹೆಸರನ್ನು ನೀವಾಗಿ ಹೊತ್ತುಕೊಳ್ಳದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ನಮ್ಮ ಹಳ್ಳಿಗಳಲ್ಲಿ ಆ ಮಾತು ಬಿದ್ದದ್ದು ಹೆಚ್ಚಾಗಿ ಒಂಟಿ ಹೆಂಗಸರ ಮೇಲೆ, ವಿಧವೆಯರ ಮೇಲೆ, ಪಾಲು ಕೇಳಿದವರ ಮೇಲೆ. ನಿಮ್ಮ ಮನೆಯಲ್ಲಿ ಇಬ್ಬರು ಹೆಂಗಸರೇ ಇರುವುದರಿಂದ ಈ ಎಚ್ಚರಿಕೆ.


ಉತ್ತರ
ಅಘನಾಶಿನಿ, ಕುಮಟಾ

ಹನ್ನೊಂದು ವರ್ಷಗಳಿಂದ ಇದೇ ದಾರಿಯಲ್ಲಿರುವವಳಾಗಿ ಬರೆಯುತ್ತಿದ್ದೇನೆ, ಆದ್ದರಿಂದ ಸ್ವಲ್ಪ ದೀರ್ಘವಾಗಬಹುದು.

ಮೊದಲು ಪಂಚಾಂಗದ ವಿಷಯ. ಆ ಎಂಟು ಹಬ್ಬಗಳ ಚಕ್ರ ಉತ್ತರ ಯುರೋಪಿನ ಬೆಳಕಿನ ಲೆಕ್ಕ. ಲಂಡನ್ನಿನಲ್ಲಿ ಜೂನ್ ತಿಂಗಳ ದೀರ್ಘ ಹಗಲು ಹದಿನಾರು ಗಂಟೆ ದಾಟುತ್ತದೆ, ಡಿಸೆಂಬರಿನದು ಎಂಟು ಗಂಟೆಯೂ ತುಂಬುವುದಿಲ್ಲ. ಹಾಗಾಗಿ ಅಲ್ಲಿನವರಿಗೆ ಸೂರ್ಯ ಮರಳಿ ಹುಟ್ಟಿದನೆಂದು ಡಿಸೆಂಬರಿನಲ್ಲಿ ಬೆಂಕಿ ಹಾಕಿ ಸಂಭ್ರಮಿಸುವುದು ಎದೆಯಿಂದ ಬಂದ ಮಾತು. ಕಾರವಾರದಲ್ಲಿ ಡಿಸೆಂಬರಿನ ಹಗಲೂ ಹನ್ನೊಂದು ಗಂಟೆಗೆ ಮೇಲಿರುತ್ತದೆ. ನಮಗೆ ಕತ್ತಲೆಂದರೆ ಆಷಾಢ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬಲೆಗಳು ಮೂಲೆ ಸೇರುತ್ತವೆ, ಮಧ್ಯಾಹ್ನ ಮೂರಕ್ಕೆ ದೀಪ ಹಚ್ಚಬೇಕಾಗುತ್ತದೆ, ಬಟ್ಟೆಗಳು ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತವೆ. ಒಳಮುಖವಾಗುವ, ಸತ್ತವರನ್ನು ನೆನೆಯುವ, ಹಳೆಯದನ್ನು ಕಳಚುವ ಕಾಲವೆಂದು ಆ ಪುಸ್ತಕಗಳು ಹೇಳುವುದನ್ನು ನಾನು ಈ ಎರಡು ತಿಂಗಳಿಗೆ ತಂದುಕೊಂಡಿದ್ದೇನೆ. ಶ್ರಾವಣದ ನೂಲ ಹುಣ್ಣಿಮೆಯಂದು ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸುವುದನ್ನು ದಂಡೆಯಲ್ಲಿ ನಿಂತು ನೋಡುತ್ತೇನೆ. ನನ್ನ ವರ್ಷ ಅಲ್ಲಿಂದ ಆರಂಭ.

ಸೂರ್ಯನ ಹಬ್ಬವೂ ಬೇಕೆನ್ನಿಸಿದರೆ ನಮ್ಮದೇ ಒಂದಿದೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಕಾರವಾರಕ್ಕೆ ಅದು ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ, ಮತ್ತೆ ಆಗಸ್ಟ್ ಎರಡನೆಯ ವಾರದಲ್ಲಿ. ಆಗಸ್ಟಿನಲ್ಲಿ ಮೋಡ ಬಿಡುವುದು ಅಪರೂಪ. ಏಪ್ರಿಲಿನಲ್ಲಿ, ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸು, ಅಂಗಳದಲ್ಲಿ ಒಂದು ಒನಕೆಯನ್ನು ನೆಟ್ಟಗೆ ಹಿಡಿದು ನೋಡಿ: ನೆರಳು ಕುಗ್ಗುತ್ತ ಕುಗ್ಗುತ್ತ ಬಂದು ಅದರ ಬುಡದೊಳಗೇ ಅಡಗಿಬಿಡುತ್ತದೆ. ಅವರು ‘ಬೆಲ್ಟೇನ್’ ಎಂದು ಬೆಂಕಿ ಹಚ್ಚುವುದು ಮೇ 1ರಂದು, ಅಂದರೆ ಸರಿಸುಮಾರು ಅದೇ ಹೊತ್ತಿಗೆ. ಇದನ್ನು ಮೊದಲ ಸಲ ಕಂಡ ದಿನ ನಾನು ಬಿಸಿಲಿನಲ್ಲಿ ಅತ್ತಿದ್ದೇನೆ.

ಇನ್ನು ವಸ್ತುಗಳು. ಬಿಳಿ ಸೇಜ್ ಕ್ಯಾಲಿಫೋರ್ನಿಯಾದ ಕಡೆಯ ಕಾಡುಗಿಡ. ಅಲ್ಲಿನ ಮೂಲನಿವಾಸಿಗಳಿಗೆ ಪವಿತ್ರವಾದದ್ದು, ವ್ಯಾಪಾರಕ್ಕಾಗಿ ಕಿತ್ತು ಕಿತ್ತು ಅವರಿಗೇ ಸಿಗದಂತಾಗುತ್ತಿದೆ. ಅದನ್ನು ಇನ್ನು ತರಿಸಬೇಡಿ. ನಮ್ಮ ಘಟ್ಟದಲ್ಲಿ ಹಾಲುಮಡ್ಡಿ ಇದೆ, ಧೂಪದ ಮರದ ರಾಳ ಇದೆ. ಆದರೆ ಇಲ್ಲಿಯೂ ಅದೇ ಪ್ರಶ್ನೆ ಎದುರಾಗುತ್ತದೆ: ಹಾಲುಮಡ್ಡಿಗಾಗಿ ಮರಕ್ಕೆ ಆಳವಾದ ಗಾಯ ಮಾಡುತ್ತಾರೆ, ರಾಮಪತ್ರೆಯನ್ನು ಬೆಲೆಯ ಆಸೆಗೆ ಕಾಯಿರುವಾಗಲೇ ಕೊಂಬೆ ಸಮೇತ ಕಡಿಯುತ್ತಾರೆ, ಮಂಗಟ್ಟೆ ಹಕ್ಕಿಯ ಆಹಾರವೂ ಅಲ್ಲಿಗೆ ಮುಗಿಯುತ್ತದೆ. ನಾನು ವರ್ಷಕ್ಕೆ ಒಂದು ಬೆಂಕಿಪೊಟ್ಟಣದಷ್ಟು ರಾಳ ಬಳಸುತ್ತೇನೆ. ಉಳಿದ ದಿನ ಒಣ ತುಳಸಿ ಕಡ್ಡಿ ಸಾಕಾಗುತ್ತದೆ. ಪುಸ್ತಕಗಳಲ್ಲಿ ಕನಸಿನ ಗಿಡವೆಂದು ಬರುವ ‘ಮಗ್‌ವರ್ಟ್’ ನಮ್ಮ ಮಾಚಿಪತ್ರೆಯ ಕುಲದ್ದೇ. ದಿಂಬಿನ ಕೆಳಗಿಡಲು ಹೂವಿನವರಲ್ಲಿ ಸಿಗುವ ದವನವೂ ಅದೇ ಕುಲ. ಬಸುರಿಯರು ಮಾಚಿಪತ್ರೆಯನ್ನು ಸೇವಿಸಬಾರದು. ಗುಲಗಂಜಿ ಎಷ್ಟೇ ಚೆಂದವಿದ್ದರೂ ಅದರ ಬೀಜ ಕಡುವಿಷ, ಮಕ್ಕಳಿರುವ ಮನೆಯಲ್ಲಿ ತಾಯಿತಕ್ಕೆ ಕಟ್ಟಬೇಡಿ. ಉಪ್ಪು ಬೇಕೇ ಬೇಕೆಂದಾದರೆ ಸಾಣಿಕಟ್ಟಾದ ಹರಳುಪ್ಪನ್ನು ಬಟ್ಟಲಿನಲ್ಲಿಟ್ಟು ಹೊಸ್ತಿಲ ಬಳಿ ಇಡಿ, ಮಣ್ಣಿಗೆ ಹಾಕಬೇಡಿ.

ವಕೀಲರ ಮಾತನ್ನು ಗೌರವಿಸುತ್ತೇನೆ, ಆದರೆ ಹೆಸರಿನ ವಿಷಯದಲ್ಲಿ ಪೂರ್ತಿ ಒಪ್ಪಲಾರೆ. ಆ ಹೆಸರನ್ನು ಹೊರಲಾಗದೆ ಸತ್ತ ಹೆಂಗಸರ ಜೊತೆ ನಿಲ್ಲಬೇಕೆಂದೇ ಪಶ್ಚಿಮದ ಎಷ್ಟೋ ಮಹಿಳೆಯರು ಅದನ್ನು ಎತ್ತಿಕೊಂಡರು. ನಾನು ಮನಸ್ಸಿನೊಳಗೆ ಆ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಆದರೆ ಕೇರಿಯ ಮುಂದೆ ಮುಖ್ಯವಾದದ್ದು ಹೆಸರಲ್ಲ, ಹೊತ್ತು. ಇಲ್ಲಿ ರಾತ್ರಿ, ಉಪ್ಪು, ನಿಂಬೆಹಣ್ಣು, ಮೂರು ದಾರಿ ಕೂಡುವ ಜಾಗ ಇವೆಲ್ಲ ಯಾರಿಗೋ ಕೇಡು ಬಗೆದ ಗುರುತುಗಳು. ಇಂಗ್ಲೆಂಡಿನಲ್ಲಿ ಕಾವಲಾದದ್ದು ಕಾರವಾರದಲ್ಲಿ ಬೆದರಿಕೆಯಾಗಿ ಓದಿಸಿಕೊಳ್ಳುತ್ತದೆ, ಆ ಅಕ್ಕ ಹೆದರಿದ್ದರಲ್ಲಿ ತಪ್ಪೇನೂ ಇಲ್ಲ. ನಾನು ಮಾಡುವುದನ್ನೆಲ್ಲ ಹಗಲಿನಲ್ಲಿ, ಅಂಗಳದಲ್ಲಿ, ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಮಾಡುತ್ತೇನೆ. ಕೇಳಿದವರಿಗೆ ಹೇಳುತ್ತೇನೆ.

ಕೊನೆಗೆ ಒಂದು ಹಳೆಯ ಸಂಗತಿ. 1801ರಲ್ಲಿ ನಿಮ್ಮ ಕಾರವಾರದ ಸೀಮೆಯಲ್ಲಿ ಸಂಚರಿಸಿದ, ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಕಾಡುಗಳು ಆಯಾ ಊರಿನ ದೇವರ ಸ್ವತ್ತೆಂದೂ, ಪೂಜಾರಿಯ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂದು ಜನ ಹೇಳುತ್ತಾರೆಂದೂ ಬರೆದಿಟ್ಟ. ಸರಕಾರ ಕೈ ಹಾಕದಂತೆ ಮಾಡಿದ ಉಪಾಯವೆಂದು ಅವನಿಗೆ ಅನ್ನಿಸಿತ್ತು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡದ್ದನ್ನು ಅವನು ನೋಡಿದ್ದರೆ ಬೇರೆ ಏನನ್ನಾದರೂ ಬರೆಯುತ್ತಿದ್ದನೋ ಏನೋ. ನಿಮ್ಮ ಮಾವಿನ ಮರದ ಸುತ್ತ ಹಾಕಬಹುದಾದ ವೃತ್ತ ಯಾವುದೆಂದು ನನ್ನನ್ನು ಕೇಳಿದರೆ, ಸಾಲ್ಕಣಿಯವರ ತೋಳುಗಳನ್ನು ತೋರಿಸುತ್ತೇನೆ.


ಮರು ಉತ್ತರ
ಕಾಳಿತೀರ, ಕಾರವಾರ

ಸಿದ್ದಾಪುರದ ಅಕ್ಕನಿಗೆ, ವಕೀಲರಿಗೆ, ಕುಮಟಾದ ಅಕ್ಕನಿಗೆ ತುಂಬು ಹೃದಯದ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಆಯಿಗೆ ಓದಿ ಹೇಳಿದೆ. ಚೌಡಿಯ ಕಲ್ಲಿನ ಭಾಗವನ್ನು ಎರಡನೆಯ ಸಲ ಓದಿಸಿದಳು.

ನಿನ್ನೆ ಬೆಳಗ್ಗೆ ಮನೆಗೆಲಸದ ಅಕ್ಕನ ಮನೆಗೆ ನಾನೇ ಹೋಗಿ, ಅಂದು ಮಾಡಿದ್ದು ಅಪ್ಪನ ನೆನಪಿಗೆಂದು ಹೇಳಿ, ಹೆದರಿಸಿದ್ದಕ್ಕೆ ಕ್ಷಮೆ ಕೇಳಿದೆ. ‘ಅಪ್ಪನಿಗಾದರೆ ಪಕ್ಷದಲ್ಲಿ ಎಡೆ ಇಡುವುದಿಲ್ಲವೇ, ಉಪ್ಪು ಯಾಕೆ ಸುರಿದೆ ಮಗಾ?’ ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಸೋಮವಾರದಿಂದ ಬರುತ್ತೇನೆಂದಿದ್ದಾರೆ.

ಸಂಜೆ ಆಯಿ ಗುದ್ದಲಿ ಹಿಡಿದು ಹಿತ್ತಿಲಿಗೆ ಬಂದಳು. ಇಬ್ಬರೂ ಸೇರಿ ಆ ಸುಟ್ಟ ಗೆರೆಯ ಮಣ್ಣನ್ನು ಒಂದು ಗೇಣು ಆಳಕ್ಕೆ ತೆಗೆದು ಹೊರಗೆ ಹಾಕಿ, ಕೊಟ್ಟಿಗೆ ಗೊಬ್ಬರ ಬೆರೆಸಿದ ಹೊಸ ಮಣ್ಣು ತುಂಬಿ, ಹತ್ತು ಕೊಡ ಬಾವಿನೀರು ಹೊಯ್ದೆವು. ಮಣ್ಣು ಒತ್ತುತ್ತ ಆಯಿ ತಾನಾಗಿಯೇ ಮಾತೆತ್ತಿದಳು. ಅವಳ ಅಜ್ಜಿ ಹೊಸ್ತಿನ ದಿನ ಕದಿರನ್ನು ಮನೆಯ ಕಂಬಕ್ಕೆ ಕಟ್ಟುವ ಮೊದಲು ಒಂದು ತೆನೆಯನ್ನು ಈ ಮಾವಿನ ಮರದ ಪೊಟರೆಯಲ್ಲಿ ಇಡುತ್ತಿದ್ದರಂತೆ. ಯಾಕೆಂದು ಯಾರೂ ಕೇಳಲಿಲ್ಲವಂತೆ. ಪೊಟರೆ ಎಲ್ಲಿದೆ ಎಂದು ಕೇಳಿದೆ. ಟಾರ್ಚ್ ತಾ, ತೋರಿಸುತ್ತೇನೆ ಎಂದಳು.